ಸೇವಂತಿಯ ಆರು ವಾಲ್ವುಗಳು

ಭಾನುವಾರ ಬೆಳಿಗ್ಗೆ ಯಾರಾದರೂ ಹಳೆಯ ಟವೆಲಿನಲ್ಲಿ ಭಾರವಾದದ್ದೇನನ್ನೋ ಸುತ್ತಿ, ಎರಡೂ ಕೈಯಲ್ಲಿ ಎದೆಗವಚಿಕೊಂಡು ವಡಾಲದ ಹನ್ನೊಂದನೆಯ ನಂಬರಿನ ಬಿಲ್ಡಿಂಗಿಗೆ ಬಂದರೆ, ಅವರು ಬಾಯಿ ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕೂತವರು ಕೆಳಗಿನ ಮೂಲೆಮನೆಯನ್ನು ತೋರಿಸುತ್ತಾರೆ. ಟವೆಲಿನೊಳಗೆ ಇರುವುದು ಕಾರಿನ ಇಂಜಿನ್ನಿನ ಮೇಲ್ಭಾಗ, ಮೆಕ್ಯಾನಿಕ್ಕುಗಳು ಹೆಡ್ ಎಂದು ಕರೆಯುವ ಅಲ್ಯುಮಿನಿಯಂ ಗಟ್ಟಿ. ಬಂದವರಿಗೆ ಬೇಕಾದವನು ಬಸ್ ಡಿಪೋದ ಮೆಕ್ಯಾನಿಕ್ ಚೆನ್ನಯನಲ್ಲ, ಅವನ ಹೆಂಡತಿ ಸೇವಂತಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಮದುವೆಯಾಗುವವರೆಗೆ ಕಾರ್ಕಳದ ಹತ್ತಿರದ ಹಳ್ಳಿಯಲ್ಲಿ ಬೀಡಿ ಕಟ್ಟಿದ ಹೆಂಗಸು. ಕಾರು ಓಡಿಸಲು ಅವಳಿಗೆ ಇವತ್ತಿಗೂ ಬಾರದು. ಇದೆಲ್ಲ ಶುರುವಾದದ್ದು ಎಂಬತ್ತೊಂಬತ್ತನೆಯ ಇಸವಿಯ ಮಳೆಗಾಲದಲ್ಲಿ.

ಆ ವರ್ಷದ ಜನವರಿಯಲ್ಲಿ ಚೆನ್ನಯ ಒಂದು ಪುಟ್ಟ ಮಾರುತಿ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದ. ಐದು ವರ್ಷ ಹಳೆಯದು. ಬೊರಿವಲಿಯಲ್ಲಿ ಯಾರದೋ ಮಗ ಅದನ್ನು ಲಾರಿಯ ಬೆನ್ನಿಗೆ ಗುದ್ದಿದ್ದ. ಮೂತಿ ಒಳಕ್ಕೆ ಹೋಗಿತ್ತು, ಒಂದು ದೀಪ ಆಕಾಶ ನೋಡುತ್ತಿತ್ತು, ಮೇಲಕ್ಕೆ ಎತ್ತುವ ಹಿಂಬಾಗಿಲು ಮುಚ್ಚುತ್ತಲೇ ಇರಲಿಲ್ಲ.

“ಇದೆಂತ, ಗುಜರಿಯಾ?” ಎಂದು ಸೇವಂತಿ ಕೇಳಿದಳು.

“ಈಗ ಗುಜರಿ. ದೀಪಾವಳಿ ಕಳೆದ ಮೇಲೆ ನೋಡು ಮಾರಾಯ್ತಿ.”

ಪ್ರತಿವರ್ಷ ದೀಪಾವಳಿ ಕಳೆದ ಮೇಲೆ ಊರಾಚೆಯ ಒಂದು ಹಳೆಯ ವಿಮಾನಪಟ್ಟಿಯಲ್ಲಿ ಕಾರುಗಳ ಸ್ಪರ್ಧೆ ನಡೆಯುತ್ತಿತ್ತು. ಶ್ರೀಮಂತರ ಮಕ್ಕಳ ಕಾರುಗಳನ್ನು ಚೆನ್ನಯ ತನ್ನ ರಜಾದಿನಗಳಲ್ಲಿ ತಿದ್ದಿಕೊಡುತ್ತಿದ್ದ. ಅವು ಓಡುವುದನ್ನು ಹಗ್ಗದ ಈಚೆ ನಿಂತು ಏಳು ವರ್ಷ ನೋಡಿದ್ದ. ಈ ಸಲ ತನ್ನದೇ ಕಾರು, ಸ್ಟಿಯರಿಂಗ್ ಹಿಂದೆ ತಾನೇ. ಇಷ್ಟೇ ಅವನ ಆಸೆ. ಅದನ್ನು ಹೇಳುವಾಗ ಮಾತ್ರ ಅವನು ಸೇವಂತಿಯ ಮುಖ ನೋಡದೆ ಕಾರಿನ ಮುಖ ನೋಡಿದ.

ಏಳು ತಿಂಗಳು ಅವನು ಬಿಡುವಿದ್ದಾಗಲೆಲ್ಲ ಕಾಂಪೌಂಡಿನಲ್ಲೇ ಇದ್ದ. ಮರದ ಸುತ್ತಿಗೆಯಿಂದ ತಗಡನ್ನು ಒಳಗಿನಿಂದ ತಟ್ಟಿ ತಟ್ಟಿ ಮೂತಿಯನ್ನು ಹೊರಗೆ ತಂದ. ಕಾರು ನೆಲಕ್ಕೆ ಹತ್ತಿರ ಕೂರಲೆಂದು ಸ್ಪ್ರಿಂಗುಗಳನ್ನು ಗಿಡ್ಡ ಮಾಡಿಸಿದ. ಕುರ್ಲಾದ ಲೇತ್ ಅಂಗಡಿಯಲ್ಲಿ ಹೆಡ್ಡಿನ ತಳವನ್ನು ಅರ್ಧ ಮಿಲಿಮೀಟರ್ ಹೆರೆಸಿದ. ಪೆಟ್ರೋಲು ಉರಿಯುವ ಜಾಗ ಇಕ್ಕಟ್ಟಾದಷ್ಟೂ ಅದು ಒದೆಯುವುದು ಜೋರು ಎಂದು ನೋಡಲು ಬಂದವರಿಗೆಲ್ಲ ವಿವರಿಸಿದ. ಮೇ ತಿಂಗಳಲ್ಲಿ ಕೈಪಂಪಿನಿಂದ ಕಿತ್ತಳೆ ಬಣ್ಣ ಹೊಡೆದ. ಅವತ್ತು ಗಾಳಿ ಅವನ ಮಾತು ಕೇಳಲಿಲ್ಲ. ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ವೆಂಕಟಸುಬ್ಬಯ್ಯನವರು ಮೈಸೂರು ಕಡೆಯವರು, ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾದವರು. ತಂತಿಯ ಮೇಲಿದ್ದ ತಮ್ಮ ಪಂಚೆಯನ್ನು ಎತ್ತಿ ಹಿಡಿದುಕೊಂಡು ಬಂದರು.

“ಏನಯ್ಯಾ ಚೆನ್ನಯ, ನನ್ನ ಪಂಚೆಗೆ ದಡಾರ ಎದ್ದಿದೆಯಲ್ಲ!”

ಆ ದಡಾರದ ಸಿಟ್ಟು ಎಷ್ಟಿತ್ತೋ, ಜುಲೈ ತಿಂಗಳ ಮೀಟಿಂಗಿನಲ್ಲಿ ಕಾರಿನ ವಿಷಯ ಬಂದೇ ಬಂತು. ಮೀಟಿಂಗ್ ಮುಗಿಸಿ ಅವರು ನೇರವಾಗಿ ಮೂಲೆಮನೆಗೆ ಬಂದರು.

“ನೋಡಪ್ಪಾ, ಗಣಪತಿ ಮಂಡಪಕ್ಕೆ ಇರೋದು ನಿನ್ನ ಗಾಡಿ ನಿಂತಿರೋ ಇದೊಂದೇ ಜಾಗ. ಆಗಸ್ಟ್ ಇಪ್ಪತ್ತು, ಭಾನುವಾರ, ಹತ್ತು ಗಂಟೆಗೆ ಬಿದಿರು ಬರತ್ತೆ. ಅಷ್ಟರಲ್ಲಿ ನಿನ್ನ ಗಾಡಿ ತನ್ನ ಇಂಜಿನ್‌ನಲ್ಲೇ ಗೇಟು ದಾಟಬೇಕು. ತಳ್ಳಿ ರಸ್ತೇಲಿ ಬಿಟ್ಟರೆ ಮುನಿಸಿಪಾಲಿಟಿಯವರು ಎತ್ತಿಕೊಂಡು ಹೋಗ್ತಾರೆ. ಹೊರಡದೆ ಹೋದ್ರೆ ಗುಜರಿ ಕೊಳ್ಳೋ ಕಬಾಡಿಯವನಿಗೆ ನಾನೇ ಹೇಳಿ ಕಳಿಸ್ತೀನಿ. ಎಲ್ಲರೂ ಕೈ ಎತ್ತಿದ್ದಾರೆ ಕಣಯ್ಯಾ, ನಾನೊಬ್ಬನೇ ಅಲ್ಲ.”

“ಆಯ್ತು ಸಾರ್, ಬೇಕಾದಷ್ಟು ಟೈಮ್ ಉಂಟು,” ಎಂದ ಚೆನ್ನಯ. ಟೈಮ್ ಇದ್ದದ್ದೂ ನಿಜ. ಆದರೆ ಆಗಸ್ಟ್ ಎಂಟರಂದು ಡಿಪೋದಲ್ಲಿ ಒದ್ದೆ ಫುಟ್‌ಬೋರ್ಡಿನ ಮೇಲೆ ಕಾಲು ಜಾರಿ ಅವನ ಬಲಗೈ ಮಣಿಕಟ್ಟು ಮುರಿಯಿತು. ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರು. ಇಂಜಿನ್ ಬಿಚ್ಚಿ ಹರಡಿತ್ತು. ಹೆಡ್ ಅಡುಗೆಮನೆಯ ಕಟ್ಟೆಯ ಮೇಲೆ, ಅಕ್ಕಿ ಡಬ್ಬಿಯ ಪಕ್ಕದಲ್ಲಿತ್ತು. ಅದಕ್ಕೆ ಕೂರಬೇಕಾದ ಆರು ವಾಲ್ವುಗಳನ್ನು ಇನ್ನೂ ಉಜ್ಜಿರಲಿಲ್ಲ. ಹೊರಗೆ ವರ್ಕ್‌ಶಾಪಿಗೆ ಕೊಡೋಣವೆಂದರೆ ಮಳೆಗೆ ಕೆಟ್ಟ ಗಾಡಿಗಳ ಸಾಲು. ಹದಿನೈದು ದಿನ ಬಿಟ್ಟು ಬನ್ನಿ ಎಂದರು.

ಡಿಪೋದ ಜೊತೆಗಾರ ಹಣಮಂತ ನೋಡಲು ಬಂದ. ಬಿಜಾಪುರದ ಕಡೆಯವನು, ಬಾಗಿಲಿನಷ್ಟು ಅಗಲದ ಆಳು.

“ವೈನಿ, ನಟ್ಟು ಬೋಲ್ಟು ಹೇಳ್ರಿ, ಜಗ್ಗಿ ಬಿಗಿದು ಕೊಡ್ತೀನಿ. ಈ ವಾಲ್ವಿನ ಕೆಲಸ ಅಂದ್ರ ಹಸುಗೂಸಿಗೆ ಎಣ್ಣಿ ಹಚ್ಚಿದಂಗ. ನಂದು ಬಸ್ಸಿನ ಕೈ ಐತ್ರಿ, ಕೆಡಿಸಿಬಿಡ್ತೀನಿ.”

ಅವನು ಹೋದ ಮೇಲೆ ಚೆನ್ನಯ ಗೋಡೆಗೆ ಒರಗಿ ಕೂತ. ಸೇವಂತಿ ಒಂದು ವಾಲ್ವನ್ನು ಕೈಗೆ ತೆಗೆದುಕೊಂಡಳು. ಉದ್ದ ದಂಟು, ತುದಿಯಲ್ಲಿ ಅಗಲವಾದ ಟೋಪಿ. ನಾಯಿಕೊಡೆಯ ಹಾಗೆ ಇತ್ತು.

“ಇದಕ್ಕೆ ಎಂತ ಮಾಡ್ಲಿಕ್ಕುಂಟು? ನನಗೆ ಹೇಳಿ.”

ಚೆನ್ನಯ ನಕ್ಕ. ನಕ್ಕು ಮುಗಿಸಿ ಅವಳ ಬೆರಳುಗಳನ್ನು ನೋಡಿದ. ಆಮೇಲೆ ಎದ್ದು ಹೆಡ್ಡನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಇಟ್ಟ. ಅದರ ತಳದಲ್ಲಿ ಮೂರು ಬಟ್ಟಲಿನಂಥ ಗುಳಿಗಳು. ಒಂದೊಂದರಲ್ಲೂ ಎರಡು ತೂತು, ಒಂದು ದೊಡ್ಡದು, ಒಂದು ಸಣ್ಣದು.

“ದೊಡ್ಡದರಲ್ಲಿ ಉಸಿರು ಒಳಗೆ, ಸಣ್ಣದರಲ್ಲಿ ಹೊಗೆ ಹೊರಗೆ. ಈ ವಾಲ್ವ್ ಬಾಗಿಲು. ಮುಚ್ಚಿದಾಗ ಕೂದಲೆಳೆ ಸಂದು ಇರಬಾರದು. ಇದ್ದರೆ ಇಂಜಿನ್‌ಗೆ ದಮ್ಮೇ ಇಲ್ಲ, ಸ್ಟಾರ್ಟೂ ಆಗುವುದಿಲ್ಲ.”

“ಒಂದು ಸಲ ಮುಚ್ಚಿದರೆ ಆಯ್ತಲ್ಲ?”

“ಒಂದು ಸಲವಾ? ಕಾರು ಜೋರಾಗಿ ಓಡುವಾಗ ಈ ಒಂದೊಂದು ಬಾಗಿಲೂ ಸೆಕೆಂಡಿಗೆ ಐವತ್ತು ಸಲ ತೆರೆದು ಮುಚ್ಚುತ್ತದೆ.”

ಸೇವಂತಿ ಬೆರಳಿನಿಂದ ಕಟ್ಟೆಯನ್ನು ತಟ್ಟಿ ನೋಡಿದಳು. ಒಂದು ಸೆಕೆಂಡಿನಲ್ಲಿ ಐದು ಸಲ ತಟ್ಟುವಷ್ಟರಲ್ಲಿ ಬೆರಳು ತಡವರಿಸಿತು. ಐವತ್ತು! ಅಂಗೈಯೊಳಗಿನ ವಾಲ್ವ್ ತಣ್ಣಗೆ, ಏನೂ ಗೊತ್ತಿಲ್ಲದ ಹಾಗೆ ಬಿದ್ದುಕೊಂಡಿತ್ತು. ಗಂಡ ಹಗಲೂ ರಾತ್ರಿ ಯಾವುದರ ಧ್ಯಾನದಲ್ಲಿದ್ದ ಎಂಬುದು ಅವಳಿಗೆ ಅವತ್ತು ಮೊದಲ ಸಲ ಹೊಳೆಯಿತು.

ಕೆಲಸ ಕೇಳಲು ಸುಲಭ. ವಾಲ್ವಿನ ಟೋಪಿಯ ಅಂಚಿಗೆ ಉಜ್ಜುಪುಡಿ ಬೆರೆಸಿದ ಕಪ್ಪು ಪೇಸ್ಟ್ ಸವರಿ ಅದರ ತೂತಿನಲ್ಲಿ ಕೂರಿಸಬೇಕು. ತುದಿಗೆ ರಬ್ಬರಿನ ಬಟ್ಟಲು ಇರುವ ಕೋಲನ್ನು ಟೋಪಿಗೆ ಅಂಟಿಸಿ, ಎರಡು ಅಂಗೈಗಳ ನಡುವೆ ಆಚೆ ಈಚೆ ಹೊಸೆಯಬೇಕು. ಎತ್ತಬೇಕು, ಕಾಲು ಸುತ್ತು ತಿರುಗಿಸಬೇಕು, ಮತ್ತೆ ಹೊಸೆಯಬೇಕು. ಮೊದಲಿಗೆ ಮರಳು ತುಳಿದಂತೆ ಕರಕರ ಸದ್ದು. ಹೊಸೆಯುತ್ತ ಹೊಸೆಯುತ್ತ ಸದ್ದು ಸಣ್ಣದಾಗಿ, ಕಡೆಗೆ ರೇಷ್ಮೆ ಸೀರೆಯ ಮಡಿಕೆ ಸರಿದಷ್ಟೇ ಆಗಬೇಕು. ಆಗ ಒರೆಸಿ ನೋಡಿದರೆ ಅಂಚಿನ ಸುತ್ತ ಬೂದಿಬಣ್ಣದ ಒಂದು ಉಂಗುರ ಮೂಡಿರುತ್ತದೆ. ಎಲ್ಲೂ ಕಡಿಯದ ಉಂಗುರ.

ದಿನವೂ ಅಡುಗೆ ಮುಗಿಸಿ ಸೇವಂತಿ ಕಿಟಕಿಯ ಕೆಳಗೆ ಕೂತಳು. ಮೊದಲನೆಯ ವಾಲ್ವಿಗೆ ಎರಡು ದಿನ ಹಿಡಿಯಿತು, ಅಂಗೈಯಲ್ಲಿ ಬೊಬ್ಬೆ ಎದ್ದವು. ಎರಡನೆಯದಕ್ಕೆ ಕೈ ತಾನಾಗಿ ದಾರಿ ಹಿಡಿಯಿತು. ಪಕ್ಕದ ಮನೆಯ ಪ್ರಫುಲ್ಲಾ ಬಾಗಿಲಲ್ಲಿ ನಿಂತು, “ಎಂತ ಸೇವಂತಕ್ಕ, ಮಜ್ಜಿಗೆ ಕಡೆಯುವುದಾ? ಬೆಣ್ಣೆ ಬಂದರೆ ನನಗೂ ಸ್ವಲ್ಪ,” ಎಂದು ತಮಾಷೆ ಮಾಡಿದಳು. ಸೇವಂತಿ ತಲೆ ಎತ್ತಲಿಲ್ಲ. ಉಂಗುರ ಮೂಡುವುದನ್ನು ನೋಡುತ್ತಿದ್ದಳು. ಬರಿಗೈ ಹೊಸೆತಕ್ಕೆ ಉಕ್ಕು ಮಣಿಯುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಒಂದೊಂದು ವಾಲ್ವ್ ಮುಗಿದಾಗಲೂ ಚೆನ್ನಯ ಅದನ್ನು ಒಂದು ರಟ್ಟಿನ ತುಂಡಿನ ತೂತಿಗೆ ಸಿಕ್ಕಿಸಿದ. “ಇದರಿಂದ ತೆಗೆಯಬೇಡ ಆಯ್ತಾ,” ಎಂದ. ಯಾಕೆ ಎಂದು ಹೇಳಲಿಲ್ಲ. ಮೆಕ್ಯಾನಿಕ್ಕಿಗೆ ಅದು ಹೇಳಬೇಕಾದ ಮಾತೆಂದು ಅನ್ನಿಸಿರಲೇ ಇಲ್ಲ.

ಶನಿವಾರ ಬೆಳಿಗ್ಗೆ ಆರನೆಯದೂ ಮುಗಿಯಿತು. ಚೆನ್ನಯ ಹೆಡ್ಡಿನ ಕೆಳಗೆ ಹಾಸುವ ಗ್ಯಾಸ್ಕೆಟ್ ತರಲು ಕುರ್ಲಾಕ್ಕೆ ಹೋಗಿದ್ದ. ಸೇವಂತಿಗೆ ಹಿಗ್ಗು ತಡೆಯಲಿಲ್ಲ. ಆದರೆ ವಾಲ್ವುಗಳಿಗೆ ಕಪ್ಪು ಪೇಸ್ಟು, ರಟ್ಟಿನ ದೂಳು ಮೆತ್ತಿಕೊಂಡಿತ್ತು. ಗಂಡನ ಕೈಗೆ ಇಂಥದ್ದನ್ನು ಕೊಡುವುದೇ? ಆರನ್ನೂ ತೆಗೆದು ಬೋಗುಣಿಗೆ ಹಾಕಿ ಸೀಮೆಎಣ್ಣೆಯಲ್ಲಿ ಅದ್ದಿದಳು, ಸೋಪು ಹಾಕಿ ತಿಕ್ಕಿದಳು, ತೊಳೆದು ಒರೆಸಿ, ಚಮಚಗಳ ಹಾಗೆ ಸ್ಟೀಲಿನ ತಟ್ಟೆಯಲ್ಲಿ ಜೋಡಿಸಿ ಇಟ್ಟಳು. ಬೆಳ್ಳಿಯಂತೆ ಹೊಳೆದವು.

ಚೆನ್ನಯ ಬಂದು ತಟ್ಟೆ ನೋಡಿದ. ರಟ್ಟು ನೋಡಿದ. ಮತ್ತೆ ತಟ್ಟೆ ನೋಡಿದ.

“ಯಾವುದು ಯಾವ ತೂತಿನದ್ದು?”

“ಮೂರು ದೊಡ್ಡದು, ಮೂರು ಸಣ್ಣದು. ಎಲ್ಲ ಒಂದೇ ಅಲ್ವಾ?”

ಅವನು ಬೈಯಲಿಲ್ಲ. ಮಣೆಯ ಮೇಲೆ ಕುಸಿದು ಕೂತ. “ಒಂದೇ ಅಲ್ಲ ಸೇವಂತಿ. ಯಾವ ತೂತಿನಲ್ಲಿ ಉಜ್ಜಿದ್ದೋ ಅದಕ್ಕೇ ಅದು ಸರಿ. ಬೇರೆಯದಕ್ಕೆ ಹಾಕಿದರೆ ಸಂದು ಬಿಡ್ತದೆ. ಮೊದಲಿಂದ ಉಜ್ಜಬೇಕು. ನಾಳೆ ಹತ್ತು ಗಂಟೆಗೆ ಬಿದಿರು ಬರ್ತದೆ.”

ಹೊರಗೆ ಮಳೆ ತಾಡಪಾಲಿನ ಮೇಲೆ ಬಡಿಯುತ್ತಿತ್ತು. ತಾಡಪಾಲಿನ ಕೆಳಗೆ ಕಿತ್ತಳೆ ಬಣ್ಣದ ಕಾರು ಹೆಡ್ ಇಲ್ಲದೆ ನಿಂತಿತ್ತು. ಏಳು ತಿಂಗಳ ಕೆಲಸ ತನ್ನ ಒಂದು ಬೋಗುಣಿ ನೀರಿನಲ್ಲಿ ತೊಳೆದುಹೋಯಿತಲ್ಲ ಎಂದುಕೊಂಡಳು ಸೇವಂತಿ. ಅವಳು ಒಂದು ವಾಲ್ವನ್ನು ಎತ್ತಿಕೊಂಡಳು. ಎತ್ತಿದ್ದು ಬರೀ ಕೈ ಸುಮ್ಮನಿರಲಾರದೆ. ಹೆಬ್ಬೆರಳು ತಾನಾಗಿ ಉಂಗುರದ ಮೇಲೆ ಹರಿಯಿತು. ಹರಿಯುತ್ತಿದ್ದದ್ದು ಒಂದು ಕಡೆ ನಿಂತಿತು.

ಊರಿನಲ್ಲಿ ಬೀಡಿ ಕಟ್ಟುವಾಗ ಅಮ್ಮ, ಅಕ್ಕ ವಾರಿಜಾ, ಅವಳು, ಮೂವರ ಬೀಡಿಯೂ ಒಂದೇ ಮೊರದಲ್ಲಿ ಬೀಳುತ್ತಿತ್ತು. ಕತ್ತಲಲ್ಲಿ ಕೈ ಹಾಕಿದರೂ ಇದು ಅಮ್ಮನದು, ಇದು ಅಕ್ಕನದು ಎಂದು ಅವಳ ಬೆರಳಿಗೆ ತಿಳಿಯುತ್ತಿತ್ತು. ಅಳೆದು ಹೇಳೆಂದರೆ ಅವಳಿಗೆ ಬಾರದು.

“ಇದು ನಡುವಿನದ್ದು,” ಎಂದಳು. “ಇದರ ಉಂಗುರ ಒಂದು ಬದಿ ಸ್ವಲ್ಪ ಅಗಲ. ಅಲ್ಲಿ ಒಂದು ಸಣ್ಣ ತಗ್ಗು ಇತ್ತು, ಹೋಗಲಿಕ್ಕೆ ನನಗೆ ಒಂದು ಮಧ್ಯಾಹ್ನ ಪೂರ್ತಿ ಬೇಕಾಯ್ತು.”

“ಸುಮ್ಮನೆ ಹೇಳಬೇಡ.”

“ನೋಡಿ ಬೇಕಾದರೆ.”

ಚೆನ್ನಯನಿಗೆ ಪರೀಕ್ಷೆ ಗೊತ್ತಿತ್ತು. ಎಡಗೈಯಲ್ಲಿ ಪೆನ್ಸಿಲು ಹಿಡಿದು ಉಂಗುರದ ಮೇಲೆ ಸುತ್ತಲೂ ಅಡ್ಡಗೆರೆ ಎಳೆದ. ಸರಿಯಾದ ಜಾಗದಲ್ಲಿ ಅರ್ಧ ಸುತ್ತು ತಿರುಗಿಸಿದರೆ ಎಲ್ಲ ಗೆರೆಗಳೂ ಅಳಿಸಬೇಕು. ಜಾಗ ತಪ್ಪಿದ್ದರೆ ಕೆಲವು ಉಳಿಯುತ್ತವೆ. ಸೇವಂತಿ ಅದನ್ನು ನಡುವಿನ ತೂತಿನಲ್ಲಿ ಕೂರಿಸಿ ಅರ್ಧ ಸುತ್ತು ಹೊಸೆದಳು. ತೆಗೆದರು. ಒಂದು ಗೆರೆಯೂ ಉಳಿದಿರಲಿಲ್ಲ.

ಎರಡನೆಯದನ್ನು ಎತ್ತಿಕೊಂಡಾಗ ಅವಳು ಕಣ್ಣು ಮುಚ್ಚಿದಳು. ಒಂದರಲ್ಲಿ ಹಾಕಿ ತಿರುಗಿಸಿದಳು, ತಲೆ ಅಲ್ಲಾಡಿಸಿದಳು. “ಇಲ್ಲಿ ಹಿಡೀತದೆ.” ಇನ್ನೊಂದರಲ್ಲಿ ಹಾಕಿದಳು. “ಇದು ಇಲ್ಲಿಯದ್ದೇ.” ಗೆರೆಗಳು ಅಳಿಸಿದವು. ಮೂರನೆಯದು. ನಾಲ್ಕನೆಯದು. ಐದನೆಯದನ್ನು ತಪ್ಪಾದ ಜಾಗಕ್ಕೆ ಹಾಕಿದಳು. ಎರಡು ಗೆರೆ ಉಳಿದವು. ಚೆನ್ನಯ ಬಾಯಿ ತೆರೆಯುವ ಮೊದಲೇ, “ಗೊತ್ತುಂಟು, ನನ್ನ ಅವಸರ,” ಎಂದು ಆರನೆಯದರೊಡನೆ ಅದಲುಬದಲು ಮಾಡಿದಳು. ಎರಡೂ ಕೂತವು.

ಆಮೇಲೆ ಕಡೆಯ ಪರೀಕ್ಷೆ. ವಾಲ್ವುಗಳನ್ನು ಮುಚ್ಚಿ ಹಿಡಿಯುವ ಸ್ಪ್ರಿಂಗುಗಳನ್ನು ಕೂರಿಸಿ, ಹೆಡ್ಡಿನ ಉಸಿರುದಾರಿಗಳಿಗೆ ಸೀಮೆಎಣ್ಣೆ ತುಂಬಿ, ಎರಡು ಗಂಟೆ ಹೊತ್ತು ಬಿಟ್ಟರು. ಯಾರೂ ಊಟದ ಮಾತು ಎತ್ತಲಿಲ್ಲ. ಮಧ್ಯಾಹ್ನ ಎರಡಕ್ಕೆ ಚೆನ್ನಯ ಬಗ್ಗಿ ಆರು ಟೋಪಿಗಳ ಅಂಚಿನಲ್ಲೂ ಬೆರಳಾಡಿಸಿ, ಬೆರಳನ್ನು ಮೂಸಿ ನೋಡಿದ. ಒಣಗಿತ್ತು. ಒಂದು ಹನಿಯೂ ಇಳಿದಿರಲಿಲ್ಲ. ಹದಿನಾರು ವರ್ಷ ಇದೇ ಕೆಲಸ ಮಾಡಿದವನು, ಆರಕ್ಕೆ ಆರೂ ಮೊದಲ ಸಲಕ್ಕೇ ಹೀಗೆ ಕೂತದ್ದನ್ನು ಎರಡೋ ಮೂರೋ ಸಲ ಕಂಡಿದ್ದ. ಪ್ಲಾಸ್ಟರಿನ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಹೊಸಬಳನ್ನು ನೋಡುವಂತೆ ಹೆಂಡತಿಯನ್ನು ನೋಡುತ್ತ ನಿಂತ. ಸೇವಂತಿ ನಾಚಿಕೊಂಡು ಅನ್ನಕ್ಕೆ ಇಡಲು ಎದ್ದಳು.

ಸಂಜೆಯೊಳಗೆ ಹಣಮಂತ ಹೆಡ್ಡನ್ನು ಇಂಜಿನ್ನಿಗೆ ಬಿಗಿದು ಕೊಟ್ಟ.

ಭಾನುವಾರ ಒಂಬತ್ತೂಮುಕ್ಕಾಲಿಗೆ ವೆಂಕಟಸುಬ್ಬಯ್ಯನವರು ಕೊಡೆ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. ಬಿದಿರಿನ ಗಾಡಿ ಆಗಲೇ ಹೊರಗೆ ಬಂದಿತ್ತು. ಚೆನ್ನಯ ಕೀಲಿ ತಿರುಗಿಸಿದ. ಇಂಜಿನ್ ಕೆಮ್ಮಿತು, ನಿಂತಿತು. ಮತ್ತೆ ಕೆಮ್ಮಿತು. ಮೂರನೆಯ ಸಲ ಹಣಮಂತ ಬಗ್ಗಿ ಕಾರ್ಬ್ಯುರೇಟರಿನಲ್ಲಿ ಏನನ್ನೋ ಕಾಲು ಸುತ್ತು ತಿರುಗಿಸಿದ. ಹಿಡಿಯಿತು. ಹಿಡಿದು ಗರ್ಜಿಸಿತು. ಮೇಲಿನ ಗ್ಯಾಲರಿಗಳಲ್ಲಿ ಹಲ್ಲುಜ್ಜುತ್ತಿದ್ದವರ ಕೈ ನಿಂತವು.

“ಯಪ್ಪಾ! ಇದು ಎಂಟುನೂರು ಸಿಸಿ ಸದ್ದಲ್ಲ ಬಿಡ್ರಿ ವೈನಿ!” ಎಂದು ಹಣಮಂತ ಕೂಗಿದ.

“ಸ್ಟಾರ್ಟ್ ಆಯ್ತು, ಸರಿ. ಗೇಟು ದಾಟಬೇಕಲ್ಲ?” ಎಂದರು ಸೆಕ್ರೆಟರಿ. “ಒಂದು ಕೈಯಲ್ಲಿ ಹೇಗಯ್ಯಾ ಓಡಿಸ್ತೀಯಾ? ಆ ಹಣಮಂತನಿಗೆ ಕೊಡು.”

ಚೆನ್ನಯ ಹಣಮಂತನನ್ನು ನೋಡಲಿಲ್ಲ. ಪಕ್ಕದ ಬಾಗಿಲು ತೆರೆದ. “ಸೇವಂತಿ, ಬಾ, ಕೂತುಕೋ. ಸ್ಟಿಯರಿಂಗ್‌ಗೆ ನನ್ನ ಎಡಗೈ ಸಾಕು. ಗೇರು ನೀನು ಹಾಕು. ನಾನು ಹೇಳಿದಾಗ ಮಾತ್ರ.”

ಸೆರಗು ಸಿಕ್ಕಿಸಿಕೊಂಡು ಅವಳು ಕೂತಳು. ಗೇರಿನ ಕೋಲಿನ ಗುಂಡಿನ ಮೇಲೆ ಒಂದರಿಂದ ನಾಲ್ಕರವರೆಗೆ ಅಂಕಿ ಕೊರೆದಿತ್ತು. ಚೆನ್ನಯ “ಒಂದು” ಎಂದ. ಅವಳು ತಳ್ಳಿದಳು. ಕಾರು ಬಿದಿರಿನ ಗಾಡಿಯ ಪಕ್ಕದಿಂದ ಸರಿದು ಗೇಟು ದಾಟಿತು. ವೆಂಕಟಸುಬ್ಬಯ್ಯನವರು ಗಡಿಯಾರ ನೋಡಿ, ತಲೆಯಾಡಿಸಿ, ಬಿದಿರಿನವರಿಗೆ ಕೈ ಮಾಡಿದರು.

ಡಿಪೋದ ಹಿಂದಿನ ಹಿತ್ತಲಲ್ಲಿ ಕಾರು ಇಡಲು ಹಣಮಂತ ಜಾಗ ಗೊತ್ತು ಮಾಡಿದ್ದ. ಅಲ್ಲಿಗೆ ಹೋಗುವ ರಸ್ತೆ ಬಂದರಿನ ಗೋದಾಮುಗಳ ನಡುವೆ ನೇರವಾಗಿ ಸಾಗುತ್ತಿತ್ತು. ಭಾನುವಾರವಾದ್ದರಿಂದ ಖಾಲಿ. “ಎರಡು,” ಎಂದ ಚೆನ್ನಯ. ಎರಡು. ಇಂಜಿನ್ನಿನ ಸದ್ದು ಏರಿತು, ಇನ್ನೂ ಏರಿತು, ಇನ್ನು ಸಾಧ್ಯವಿಲ್ಲ ಎನ್ನುವಷ್ಟು ಏರಿದಾಗ, “ಮೂರು!” ಎಂದ.

ಅವಳು ಕೋಲನ್ನು ಮುಂದಕ್ಕೆ ಒತ್ತಿದಳು. ಯಾರೋ ದೊಡ್ಡ ಅಂಗೈಯಿಂದ ಅವಳ ಎದೆಯನ್ನು ಸೀಟಿಗೆ ಒತ್ತಿದಂತಾಯಿತು. ಗೋದಾಮಿನ ಗೋಡೆಗಳು ಗೆರೆಗಳಾದವು. ಕಾಲ ಕೆಳಗೆ, ಕೈಯ ಕೆಳಗೆ, ಬೆನ್ನಿನ ಹಿಂದೆ ಎಲ್ಲ ಕಡೆ ಅದೇ ನಡುಕ; ಒರಟು ನಡುಕವಲ್ಲ, ಎಲ್ಲೂ ಹರಿಯದ ಒಂದು ದಾರದಂಥ ನಡುಕ. ಆರು ಬಾಗಿಲುಗಳು ಈಗ ಎಣಿಸಲಾರದಷ್ಟು ಸಲ ತೆರೆದು ಮುಚ್ಚುತ್ತಿವೆ, ಒಂದೂ ತಪ್ಪುತ್ತಿಲ್ಲ ಎಂಬುದು ಅವಳಿಗೆ ಮೈಯಲ್ಲೇ ಗೊತ್ತಾಯಿತು.

ಡಿಪೋದ ಗೋಡೆ ಕಂಡಿತು. ಚೆನ್ನಯ ವೇಗ ಇಳಿಸಿ, ನಿಲ್ಲಿಸಿ, ಅವಳ ಕಡೆ ತಿರುಗಿದ. ಅವನ ಮುಖದಲ್ಲಿ ಮಳೆನೀರೋ ಬೆವರೋ ಇಳಿಯುತ್ತಿತ್ತು.

ಸೇವಂತಿ ಗೇರಿನ ಕೋಲಿನಿಂದ ಇನ್ನೂ ಕೈ ತೆಗೆದಿರಲಿಲ್ಲ.

“ಇದರಲ್ಲಿ ನಾಲ್ಕು ಉಂಟಲ್ಲ,” ಎಂದಳು. “ಅದು ಯಾವಾಗ?”

“ರಸ್ತೆ ಮುಗಿಯಿತಲ್ಲ ಮಾರಾಯ್ತಿ!”

“ತಿರುಗಿಸಿ,” ಎಂದಳು ಅವಳು.