ಅಪ್ಪ ಕಟ್ಟಿದ ಕಾರಿನ ಬಾಗಿಲು

ದೇವರ ದೀಪಗಳಿಗೆ ಹುಣಿಸೆಹುಳಿ ಹಚ್ಚಿ ತಿಕ್ಕುತ್ತಿದ್ದೆ. ಮೊಮ್ಮಕ್ಕಳಿಬ್ಬರೂ ಓಡಿ ಬಂದು, ಕಡಹಿನಬೈಲಿನ ಒಡೆಯರ ಮನೆಯ ಹಳೇ ಕಾರನ್ನು ಲಾರಿಗೆ ಏರಿಸಿದರು ಎಂದರು. ಯಾರೋ ದೂರದವರು ಕೊಂಡುಕೊಂಡು ರಿಪೇರಿಗೆ ಒಯ್ಯುತ್ತಿದ್ದಾರಂತೆ. ಮೊಮ್ಮಗ ಇನ್ನೂ ಒಂದು ಮಾತು ಹೇಳಿದ: "ಅಜ್ಜಿ, ಆ ರಿಪೇರಿಯವ್ರು ಕಾರಿನ ಕೆಳಗೆ ನುಗ್ಗಿ ನೋಡಿ ನಗ್ತಿದ್ರು. ಯಾವನೋ ಹಳ್ಳಿ ಆಚಾರಿ ಚರ್ಮ ಹಾಕೋದನ್ನೇ ಮರ್ತಿದ್ದಾನೆ ಅಂತ."

ಆ ಆಚಾರಿ ನನ್ನ ಅಪ್ಪ. ಅವನು ಮರೆತದ್ದಲ್ಲ. ದೀಪಗಳನ್ನು ಪಕ್ಕಕ್ಕೆ ಸರಿಸಿ ಇಬ್ಬರನ್ನೂ ಹತ್ತಿರ ಕೂರಿಸಿಕೊಂಡೆ.

ನಾನು ಚಿಕ್ಕವಳಿದ್ದಾಗ ಆ ಕಾರು ಬಂದರೆ ದಾರಿಯ ದನಗಳೂ ಮೇವು ಬಿಟ್ಟು ನೋಡುತ್ತಿದ್ದವು. ಕಡುಗೆಂಪು ಬಣ್ಣ, ಉದ್ದ ಮೂತಿ, ಬೆಳ್ಳಿಯ ಹಾಗೆ ಹೊಳೆಯುವ ಬಾಗಿಲ ಹಿಡಿ. ಡ್ರೈವರಿಗೂ ಹಿಂದೆ ಕೂತವರಿಗೂ ನಡುವೆ ಗಾಜಿನ ಗೋಡೆ. ಅಂಥ ಕಾರನ್ನು ಒಂದೇ ಕಂಪನಿಯವರು ಮಾಡುತ್ತಿರಲಿಲ್ಲ. ಇಂಜಿನ್ನು, ಚಕ್ರ, ಷಾಸಿ ಎನ್ನುವ ಕಬ್ಬಿಣದ ಅಡಿಕಟ್ಟು ಒಬ್ಬರದು. ಅದರ ಮೇಲಿನ ಕೋಣೆಯನ್ನು ಬೇರೊಂದು ಕಾರ್ಖಾನೆಯ ಬಡಗಿಗಳು ಮರದಲ್ಲಿ ಕಟ್ಟಿ, ಅಲ್ಯೂಮಿನಿಯಂ ತಗಡನ್ನು ಕೈಯಲ್ಲೇ ಬಡಿದು ಬಡಿದು ಮರದ ಮೈಗೆ ಹೊದಿಸುತ್ತಿದ್ದರು. ಹೊರಗೆ ತಗಡು ಕಂಡರೂ ಒಳಗಿನ ಎಲುಬೆಲ್ಲ ಮರದ್ದೇ.

ಆ ಮರಕ್ಕೆ ಗೆದ್ದಲು ಹಿಡಿಯಿತು. ಅದೇ ಹೊತ್ತಿಗೆ ಒಡೆಯರ ಮಗಳ ಮದುವೆ ಶೃಂಗೇರಿಯಲ್ಲಿ ನಿಶ್ಚಯವಾಗಿತ್ತು. ಮದುಮಗಳು ಆ ಕಾರಿನಲ್ಲೇ ಹೋಗಬೇಕು. ಒಡೆಯರು ಅಪ್ಪನನ್ನು ಕರೆಸಿ, "ಇದೊಂದು ಸರಿ ಮಾಡಿಕೊಡು ಮಾರಾಯ. ನಾನು ಕಟ್ಟಿಸೋ ಹೊಸ ಮನೆ ಬಾಗಿಲು, ಕಿಟಕಿ ಎಲ್ಲ ನಿನ್ ಕೈಗೇ," ಎಂದರು. ಹೊಸ ಮನೆ ಎಂದರೆ ನಮಗೆ ವರ್ಷಗಟ್ಟಲೆ ಅನ್ನ.

ಅಪ್ಪ ತಗಡು ಬಿಚ್ಚಿ, ಗೆದ್ದಲು ತಿಂದ ಒಂದೊಂದೇ ಮರವನ್ನು ಮಾದರಿಗಿಟ್ಟುಕೊಂಡು ಹೊಸದು ಕೆತ್ತಿದ. ಆ ಕಾರಿನಲ್ಲಿ ನೆಟ್ಟಗಿನ ಗೆರೆಯೇ ಇರಲಿಲ್ಲ. ಬಾಗಿಲ ಕಂಬ ಕೂಡ ತುಂಬಿದ ಹೊಟ್ಟೆಯ ಹಾಗೆ ಹೊರಕ್ಕೆ ಬಾಗಿ, ಕೆಳಗೆ ಒಳಕ್ಕೆ ಸರಿಯುತ್ತಿತ್ತು. ಹಲಸಿನ ಮರದ ಹಳದಿ ಹೊಟ್ಟು ಅಕ್ಕನ ಜಡೆಯಲ್ಲೂ ನಮ್ಮ ಅನ್ನದ ತಟ್ಟೆಯಲ್ಲೂ ಇರುತ್ತಿತ್ತು.

ಮರದ ಕೋಣೆಗೂ ಕಬ್ಬಿಣಕ್ಕೂ ನಡುವೆ, ಬೋಲ್ಟು ಕೂರುವ ಕಡೆಯಲ್ಲೆಲ್ಲ ದಪ್ಪ ಚರ್ಮದ ತುಂಡುಗಳಿದ್ದವು. ಅವನ್ನು ಕಂಡ ಒಡೆಯರ ತಾಯಿ ಸೆರಗು ಮೂಗಿಗೆ ಹಿಡಿದು ದೂರ ಸರಿದರು. ಊರಿಗೆಲ್ಲ ಅವರು ದೊಡ್ಡಮ್ಮ. ಸೀಟಿನ ಚರ್ಮವನ್ನು ಮೊದಲೇ ಕೀಳಿಸಿ ಮಖಮಲ್ಲು ಹಾಕಿಸಿದ್ದರು.

"ಧಾರೆಗೆ ಹೋಗೋ ಹೆಣ್ಣು. ಸತ್ತ ದನದ ಚರ್ಮದ ಮೇಲಾ ಹೋಗೋದು? ಕಿತ್ತು ಬಿಸಾಕು."

"ದೊಡ್ಡಮ್ಮ, ಗುಂಡಿಗೆ ಇಳಿದಾಗ ಕಬ್ಬಿಣ ತಿರುಚತ್ತೆ, ಮರ ತಿರುಚಲ್ಲ. ನಡುವೆ ಮೆತ್ತಗಿಂದು ಒಂದು ಇರ್ಲೇಬೇಕು. ರಬ್ಬರ್ ತರಿಸೋವರೆಗೆ ತಡೀರಿ."

"ಮುಹೂರ್ತ ತಡಿಯತ್ತಾ? ಅಡಿಕೆ ಹಾಳೆ ಮಡಚಿ ಇಡು. ಮಡಿಗೆ ಬರತ್ತೆ."

ಅಪ್ಪ ಒಡೆಯರ ಕಡೆ ನೋಡಿದ. ಒಡೆಯರು ಅಂಗಳದ ಕಡೆ ನೋಡಿದರು. ಅಪ್ಪ ಹಾಳೆಯನ್ನೇ ಮಡಚಿ ಇಟ್ಟ.

ಮದುವೆಯ ದಿನ ನಾವು ಪಾತ್ರೆ, ಬಾಳೆಎಲೆ ತುಂಬಿದ ಲಾರಿಯಲ್ಲಿ ಕಾರಿನ ಹಿಂದೆಯೇ ಹೋದೆವು. ಮಲ್ಲಿಗೆಯ ವಾಸನೆಯೂ ಡೀಸೆಲ್ ವಾಸನೆಯೂ ಕಲಸಿ ಬರುತ್ತಿತ್ತು. ಕೊಪ್ಪ ದಾಟಿದ ಮೇಲೆ ತಿರುವು ಶುರುವಾಯಿತು. ಪ್ರತಿ ತಿರುವಿಗೂ ಮುಂದಿನ ಕಾರು ನರಳುವ ಸದ್ದು ಲಾರಿಯವರೆಗೆ ಕೇಳುತ್ತಿತ್ತು. ಹಾಳೆ ಅಷ್ಟರಲ್ಲೇ ಪುಡಿಯಾಗಿರಬೇಕು.

ಶೃಂಗೇರಿಯ ಛತ್ರದೆದುರು ಕಾರು ನಿಂತಿತು. ಓಲಗ, ಡೋಲು, ಆರತಿ ಹಿಡಿದ ಹೆಂಗಸರು, ಎಲ್ಲ ಸಿದ್ಧ. ಹಿಂದಿನ ಬಾಗಿಲು ತೆರೆಯಲಿಲ್ಲ. ಆಚೆಯದೂ ಇಲ್ಲ. ಕೂಡಿಸಿದ ಮರವೆಲ್ಲ ವಾಲಿ ಬಾಗಿಲುಗಳನ್ನು ಕಚ್ಚಿ ಹಿಡಿದಿತ್ತು. ಮುಂದಿನಿಂದ ಇಳಿಸೋಣವೆಂದರೆ ಗಾಜಿನ ಗೋಡೆ. ಒಳಗೆ ಮದುಮಗಳು ಅಳುತ್ತಿದ್ದಳು, ಪಕ್ಕದಲ್ಲಿ ದೊಡ್ಡಮ್ಮ.

"ಕಿಟಕಿಯಿಂದ ಎಳೀರಿ!"

"ಮದುಮಗಳೋ, ಅಕ್ಕಿ ಮೂಟೆಯೋ?"

ಪುರೋಹಿತರು ಹೊತ್ತು ಮೀರುತ್ತಿದೆ ಎಂದು ಕೂಗಿದರು. ಅಪ್ಪ ಜನರನ್ನು ಸರಿಸಿಕೊಂಡು ಹೋಗಿ, ಚೀಲದಲ್ಲಿದ್ದ ಉಳಿ ತೆಗೆದು ತಾನೇ ಕೆತ್ತಿದ ಕಂಬಕ್ಕೆ ಇಟ್ಟು ಹೊಡೆದ. ತಗಡು ಹರಿಯಿತು, ಮರ ಸೀಳಿತು, ಬಾಗಿಲು ಬಂತು. ಶಾರದಮ್ಮನ ದಯೆ, ಆ ಹುಡುಗಿಗೆ ಒಂದು ಗೀರೂ ಆಗಲಿಲ್ಲ, ಮುಹೂರ್ತವೂ ತಪ್ಪಲಿಲ್ಲ.

"ಕೊಟ್ಟಿಗೆ ಬಾಗಿಲು ಮಾಡೋನ ಕೈಗೆ ಕಾರು ಕೊಟ್ಟೆ ನೋಡಿ, ನಂಗೆ ಬುದ್ಧಿ ಇಲ್ಲ!" ಎಂದರು ಒಡೆಯರು, ಬೀಗರಿಗೆ ಕೇಳುವ ಹಾಗೆ. ಜನ ನಕ್ಕರು. ಅಪ್ಪ ದೊಡ್ಡಮ್ಮನ ಮುಖ ನೋಡಿದ. ಅವರು ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ಅಕ್ಕನಿಗೆ ತಡೆಯಲಾಗಲಿಲ್ಲ. "ಆ ಡೋಲಿಗೆ ಹಾಕಿದ್ದು ಎಂತ ಅಪ್ಪಯ್ಯ? ಅದು ಚರ್ಮ ಅಲ್ದಾ?"

"ಸುಮ್ನಿರು ಕೂಸೇ. ಮದುವೆ ಮನೆ," ಎಂದ ಅಪ್ಪ. ಊಟಕ್ಕೆ ಕೂರದೆ ಬಸ್ಸು ಹತ್ತಿಸಿದ. ಲಾಡಿನ ತುಪ್ಪದ ಪರಿಮಳ ಬಸ್‌ಸ್ಟ್ಯಾಂಡಿನವರೆಗೂ ಬರುತ್ತಿತ್ತು.

ಹೊಸ ಮನೆಯ ಬಾಗಿಲುಗಳನ್ನು ಬೇರೆಯವರು ಮಾಡಿದರು. ಒಡೆಯರು ಬೇಡವೆಂದವನನ್ನು ಉಳಿದವರೂ ಕರೆಯಲಿಲ್ಲ. ಅಪ್ಪ ಬಾಳೆಹೊನ್ನೂರಿನ ಮರದ ಮಿಲ್ಲಿನಲ್ಲಿ ದಿಮ್ಮಿ ತಳ್ಳುವ ಕೆಲಸಕ್ಕೆ ಸೇರಿದ. ನಾವು ಉಪವಾಸ ಬೀಳಲಿಲ್ಲ, ಅದು ದೇವರು ಕೊಟ್ಟದ್ದು. ಆದರೆ ಸಾಯುವವರೆಗೂ ಅಪ್ಪ ಇನ್ನೊಂದು ಬಾಗಿಲು ಮಾಡಲಿಲ್ಲ. ನಾನೂ ಮಡಿ ಉಡುವವಳೇ ಮಕ್ಕಳೇ, ಮಡಿಯ ಮೇಲೆ ನನಗೆ ಸಿಟ್ಟಿಲ್ಲ. ದೊಡ್ಡಮ್ಮ ಅವತ್ತು "ನಾನೇ ಬೇಡ ಅಂದೆ" ಎಂದು ಒಂದು ಮಾತು ಹೇಳಿದ್ದರೆ ಯಾವ ಮಡಿ ಕೆಡುತ್ತಿತ್ತು?

ನಿಮ್ಮ ಕಾಲದ ಕಾರುಗಳು ಬೇರೆ. ಮೈಯೂ ತಗಡು, ಎಲುಬೂ ತಗಡು, ಮಷೀನು ಒತ್ತಿ ತೆಗೆದದ್ದು. ಬಾಗಿಲು ಸಿಕ್ಕಿಕೊಂಡರೆ ನಿಮ್ಮಪ್ಪ ಶೋರೂಮಿಗೆ ಫೋನು ಮಾಡುತ್ತಾನೆ. ಮಾಡಿದವನು ಯಾರೆಂದು ಯಾರೂ ಕೇಳುವುದಿಲ್ಲ, ಯಾರ ಹೆಸರೂ ಕೆಡುವುದಿಲ್ಲ. ಅಪ್ಪನ ಹೆಸರು ನಮ್ಮ ಕಾಲದಲ್ಲಿ ಕೆಟ್ಟದ್ದು, ಇವತ್ತಿಗೂ ಆ ಲಾರಿಯ ಮೇಲೆ ಹೋಗುತ್ತಿದೆ.

ಮೊಮ್ಮಗ ಮೊಬೈಲು ತೆಗೆದು, "ರಿಪೇರಿಯವ್ರ ನಂಬರ್ ಲಾರಿ ಮೇಲೇ ಇತ್ತು, ಫೋಟೋ ತೆಗ್ದಿದ್ದೆ. ಹೇಳ್ಲಾ ಅಜ್ಜಿ?" ಎಂದ.

ಒಡೆಯರೂ ಇಲ್ಲ, ದೊಡ್ಡಮ್ಮನೂ ಇಲ್ಲ. ಅಪ್ಪನಿದ್ದರೆ ಬೇಡ ಎನ್ನುತ್ತಿದ್ದ.

"ಹೇಳು," ಎಂದೆ. "ಮರ್ತಿದ್ದಲ್ಲ, ಬೇಡ ಅಂದಿದ್ರು ಅಂತ ಹೇಳು."

ಅವನು ಫೋನು ಮಾಡಿ ಹೇಳಿದ. ಆ ಕಡೆಯವನು "ಹೌದಾ, ಆಯ್ತಾಯ್ತು" ಎಂದು ಇಟ್ಟುಬಿಟ್ಟ. ಒಬ್ಬನ ಕಿವಿಗಾದರೂ ಬಿತ್ತು. ಉದ್ದು ನೆನೆದಿತ್ತು, ರುಬ್ಬಲು ಎದ್ದೆ.