ಉಗುರಿನ ಬುಡದ ನೀಲಿ

ನನಗೆ ಸಿಟ್ಟು ಬೇಗ. ಅದು ನಮ್ಮ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತು. ಅದರಲ್ಲೂ ನೇಕಾರರ ಬಗ್ಗೆ ಯಾರಾದರೂ ತಿಳಿಯದೆ ಮಾತಾಡಿದರೆ ನಾನು ಸುಮ್ಮನೆ ಕೂರುವವಳಲ್ಲ. ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದವನ ಮಗಳು ನಾನು. ಜಮಖಂಡಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಇಪ್ಪತ್ತು ವರ್ಷದ ಮೇಲಾಯಿತು.

ಆ ಅಜ್ಜ ರಬಕವಿಯಿಂದ ಬಂದಿದ್ದ. ಮನೆಯ ಮೆಟ್ಟಿಲ ಮೇಲೆ ಜಾರಿ ಬಿದ್ದು ತೊಡೆಯ ಎಲುಬು ಮುರಿದಿತ್ತು. ವಯಸ್ಸು ಎಂಬತ್ತರ ಆಸುಪಾಸು, ಜೊತೆಗೆ ಹೆಂಡತಿ. ಮುಧೋಳದ ಕಡೆಯಿಂದ ಹೊಸದಾಗಿ ಕೆಲಸಕ್ಕೆ ಸೇರಿದ್ದ ನರ್ಸೊಬ್ಬಳು ಅವನ ಕೈ ನೋಡಿ ಹೌಹಾರಿಬಿಟ್ಟಳು. ಹತ್ತೂ ಉಗುರು ಕಡುನೀಲಿ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು ಎಂಬತ್ತೆರಡು ತೋರಿಸಿ ಕೂಗತೊಡಗಿತ್ತು.

"ಅಕ್ಕಾ, ಅಜ್ಜ ನೀಲಿ ಆಗ್ಯಾನ!" ಎಂದು ಓಡಿ ಬಂದಳು.

ಅಜ್ಜನಿಗೆ ಆ ನೋವಿನಲ್ಲೂ ನಗು. "ಯವ್ವಾ, ನಾ ನೀಲಿ ಆಗಿ ಐವತ್ತ ವರ್ಷ ಆತು. ಇನ್ನಾ ಸತ್ತಿಲ್ಲ" ಅಂದ.

ಬರಿಗೈಯಲ್ಲೇ ನೂಲಿನ ಲಡಿಗಳನ್ನು ಬಣ್ಣದಲ್ಲಿ ಅದ್ದಿ ಹಿಂಡಿದ ಕೈ ಅದು. ಆಸ್ಪತ್ರೆಗೆ ಬರುವ ಹಿಂದಿನ ದಿನವೂ ಹಿಂಡಿದ್ದನಂತೆ. ನಾನು ಕಿವಿಗೆ ಹಾಕುವ ಕ್ಲಿಪ್ಪು ತಂದು ಅಜ್ಜನ ಕಿವಿಗೆ ಸಿಕ್ಕಿಸಿದೆ. ತೊಂಬತ್ತೇಳು, ಸರಿಯಾಗೇ ಇತ್ತು. "ನೋಡ ತಂಗಿ, ಇವು ಬಣ್ಣದವರ ಉಗುರ. ಆ ಮಷೀನಿಗೆ ಏನ್ ತಿಳೀತೈತಿ, ಮಣ್ಣ!" ಅಂದೆ. ಅಷ್ಟಕ್ಕೇ ಬಿಡಲಿಲ್ಲ. ಅಜ್ಜನ ಕೇಸ್ ಪೇಪರಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದೆ: 'ಉಗುರಿಗೆ ನೂಲಿನ ಬಣ್ಣ. ಗಾಬರಿ ಬೇಡ.' ಡಾಕ್ಟರು ಓದಿ ಭೇಷ್ ಅಂದರು. ಎರಡು ದಿನ ಚಹಾ ಕುಡಿಯುವಾಗೆಲ್ಲ ನನ್ನದು ಇದೇ ಕಥೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಸಕ್ಕರೆ ಕಾಯಿಲೆಯಿಂದಾಗಿ ಗಾಯ ಬೇಗ ಮಾಯಲಿಲ್ಲ, ಮೂರು ವಾರ ಹಾಸಿಗೆಯಲ್ಲೇ ಕಳೆಯಿತು. ಮೊದಲ ನಾಲ್ಕೈದು ದಿನ ಎಲ್ಲರೂ ಕಿವಿಗೇ ಕ್ಲಿಪ್ಪು ಹಾಕಿ ನೋಡಿದರು. ಆಮೇಲೆ ರೂಢಿಯಾಗಿಬಿಟ್ಟಿತು. ಬೆರಳಿಗೆ ಹಾಕುವುದು, ಎಂಬತ್ತೆರಡೋ ಎಂಬತ್ತಮೂರೋ ಬರುವುದು, ನನ್ನ ಕೆಂಪಕ್ಷರ ನೋಡಿ ಮುಂದಿನ ಮಂಚಕ್ಕೆ ಹೋಗುವುದು. ಬೇರೆಯವರನ್ನು ಏನು ಅನ್ನಲಿ, ನಾನೂ ಹಾಗೇ ಮಾಡಿದೆ.

ಒಂದು ಭಾನುವಾರ ಮಧ್ಯಾಹ್ನ ಅಜ್ಜ ಯಾಕೋ ಸುಮ್ಮನಿದ್ದ. ದಿನಾ ನನ್ನನ್ನು ಕಾಡದೆ ಬಿಡದವನು ಅಂದು ದಿಂಬಿಗೆ ಒರಗಿ ಕಿಟಕಿ ಕಡೆ ನೋಡುತ್ತಿದ್ದ. ರೊಟ್ಟಿ ಹಾಗೇ ಇತ್ತು. "ರಾತ್ರಿ ನಿದ್ದಿ ಹತ್ತಿಲ್ರಿ ಅಕ್ಕಾರ, ಅಷ್ಟ" ಅಂದಳು ಅಜ್ಜಿ. ಬೆರಳಿನ ಕ್ಲಿಪ್ಪು ಎಂಬತ್ತಮೂರು ತೋರಿಸಿತು. ಅದೇನು ಹೊಸದಲ್ಲವಲ್ಲ, ಬರೆದುಕೊಂಡೆ. ಉಗುರು ಬೆಳೆದು ಮೈ ಕೆರೆದುಕೊಂಡಿದ್ದ ಅಂತ ಕಟರ್ ತಂದು ಕೈ ಹಿಡಿದು ಕೂತೆ.

ಬಣ್ಣದವರ ಮನೆಯಲ್ಲಿ ಒಂದು ಲೆಕ್ಕ ಇರುತ್ತದೆ. ಕೆಲಸ ನಿಂತರೆ ಉಗುರು ಬುಡದಿಂದ ಬಣ್ಣವಿಲ್ಲದೆ ಬೆಳೆಯುತ್ತ ಬರುತ್ತದೆ. ನೂಲು ಬಾರದೆ ಅಪ್ಪ ಮನೆಯಲ್ಲಿ ಕೂತ ದಿನಗಳಲ್ಲಿ ಅವ್ವ ಅವನ ಹೆಬ್ಬೆರಳು ನೋಡಿ, "ಇಪ್ಪತ್ತ ದಿನ ಆತು ನೋಡ ಕೈ ಖಾಲಿ ಆಗಿ" ಅನ್ನುತ್ತಿದ್ದಳು. ಇಪ್ಪತ್ತು ದಿನಕ್ಕೆ ಅರ್ಧ ಜೋಳದ ಕಾಳಿನಷ್ಟು ಹೊಸ ಉಗುರು. ಅದು ನಿಮ್ಮ ಉಗುರಿನ ಹಾಗೆ, ನನ್ನ ಉಗುರಿನ ಹಾಗೆ ನಸುಗೆಂಪು.

ಅಜ್ಜನ ಹೆಬ್ಬೆರಳಲ್ಲಿ ಹೊಸ ಉಗುರು ಬಂದಿತ್ತು. ಹಳೆಯ ಬಣ್ಣ ಮುಂದೆ ಸರಿದು ಗೆರೆ ಎಳೆದಂತೆ ನಿಂತಿತ್ತು. ಆದರೆ ಗೆರೆಯ ಹಿಂದೆ, ಬಣ್ಣ ಸೋಕಿಯೇ ಇಲ್ಲದ ಆ ಜಾಗವೂ ನೀಲಿ! ಒಂದೊಂದೇ ಬೆರಳು ತಿರುಗಿಸಿ ನೋಡಿದೆ. ಹತ್ತೂ ಹಾಗೇ. ಮೂರು ವಾರ ಬಣ್ಣ ಮುಟ್ಟದವನಿಗೆ ಬುಡದಲ್ಲಿ ನೀಲಿ ಎಲ್ಲಿಂದ ಬರಬೇಕು?

ಎದ್ದು ಹೋಗಿ ಕಿವಿಯ ಕ್ಲಿಪ್ಪು ತಂದೆ. ಎಂಬತ್ತೊಂದು. ಗಡಿಯಾರ ನೋಡುತ್ತ ಉಸಿರು ಎಣಿಸಿದೆ. ನಿಮಿಷಕ್ಕೆ ಮೂವತ್ತನಾಲ್ಕು, ಇರಬೇಕಾದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಹೊದಿಕೆ ಸರಿಸಿದರೆ ಆಪರೇಷನ್ ಆದ ಕಾಲಿನ ಮೀನಖಂಡ ಇನ್ನೊಂದಕ್ಕಿಂತ ದಪ್ಪಗೆ ಊದಿತ್ತು. ಈ ಮನುಷ್ಯ ಸತ್ತರೆ ನನ್ನ ಅಕ್ಷರದಿಂದ ಸಾಯುತ್ತಾನೆ ಅನ್ನಿಸಿತು. ತಕ್ಷಣ ಆಕ್ಸಿಜನ್ ಹಚ್ಚಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಆಗಷ್ಟೇ ಮನೆಯಲ್ಲಿ ಊಟಕ್ಕೆ ಕೂತಿದ್ದರು.

"ಅವರದು ಬಣ್ಣದ ಉಗುರಲ್ಲೇನ್ರಿ ಸಿಸ್ಟರ್? ನೀವ ಬರದೀರಲ್ಲ?"

ಸುತ್ತ ಇಡೀ ವಾರ್ಡು ಕೇಳಿಸಿಕೊಳ್ಳುತ್ತಿತ್ತು. ಮುಧೋಳದ ಆ ಹುಡುಗಿ ಬಾಗಿಲಲ್ಲೇ ನಿಂತಿದ್ದಳು. "ಬರದಾಕಿ ನಾನರಿ. ತಪ್ಪ ಐತಿ ಅನ್ನಾಕತ್ತಾಕಿನೂ ನಾನ" ಅಂದೆ. "ಬಣ್ಣ ಹೊರಗಿಂದ ಹತ್ತತೈತ್ರಿ ಸಾಹೇಬ್ರ. ಇದು ಒಳಗಿಂದ ಬಂದೈತಿ. ತಾಟು ಬಿಟ್ಟ ಎದ್ದ ಬರ್ರಿ."

ಹಾಗೆ ಅವರ ಮುಂದೆ ನಾನು ಎಂದೂ ಮಾತಾಡಿದವಳಲ್ಲ. ಹತ್ತು ನಿಮಿಷದಲ್ಲಿ ಬಂದರು. ಕಾಲು ನೋಡಿದರು, ಎದೆಗೆ ಸ್ಟೆಥಸ್ಕೋಪ್ ಇಟ್ಟರು, ಆ ಕ್ಷಣವೇ ಇಂಜೆಕ್ಷನ್ ಕೇಳಿದರು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತದ ಚೂರು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಇನ್ನೊಂದು ತಾಸು ತಡವಾಗಿದ್ದರೆ ಅಜ್ಜ ಕೈಗೆ ಸಿಗುತ್ತಿರಲಿಲ್ಲ ಅಂದರು. ಆಮೇಲೆ ಅದನ್ನೇ ಸ್ಕ್ಯಾನ್ ಕೂಡ ಹೇಳಿತು.

"ಉಳೀತಾರಿಲ್ಲರಿ ಅಕ್ಕಾರ?" ಅಜ್ಜಿ ನನ್ನ ಸೆರಗು ಹಿಡಿದಿದ್ದಳು. ಡ್ಯೂಟಿ ಮುಗಿದ ಮೇಲೂ ಅವಳ ಪಕ್ಕದಲ್ಲೇ ಕೂತಿದ್ದೆ. ಕೇಸ್ ಪೇಪರ್ ತರಿಸಿ ನನ್ನ ಸಾಲಿನ ಮೇಲೆ ಗೆರೆ ಎಳೆದು ಕೆಳಗೆ ಸಹಿ ಮಾಡಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಮಾಸ್ಕ್ ತೆಗೆದರು. ಕಿವಿಯ ಕ್ಲಿಪ್ಪು ತೊಂಬತ್ತಾರು ತೋರಿಸುತ್ತಿತ್ತು. ಅಜ್ಜ ತನ್ನ ಕೈಯನ್ನು ಬೆಳಕಿಗೆ ಹಿಡಿದು, ನೂಲಿನ ಲಡಿ ಪರೀಕ್ಷೆ ಮಾಡುವವನಂತೆ ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಬುಡದ ನೀಲಿ ಹೋಗಿತ್ತು.

"ನಮ್ಮ ಬಣ್ಣ ಪಕ್ಕಾ ಅಂತ ಐವತ್ತ ವರ್ಷ ಹೇಳಿಕೋತ ಬಂದೇನಿ" ಅಂದ, ಉಸಿರಿಗೊಮ್ಮೆ ನಿಂತು ನಿಂತು. "ಇದೊಂದ ಬಣ್ಣ ಕಚ್ಚಾ ಆಗಿದ್ದು ಛಲೋ ಆತ ನೋಡ ಯವ್ವಾ. ತೊಳದ ಹೋತು."

ಅಜ್ಜಿ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ನಗುತ್ತಲೇ ಅತ್ತಳು. "ನೀವ ನಗಬ್ಯಾಡ್ರಿ ಅಕ್ಕಾರ, ಇವರಿಗೆ ಮತ್ತ ಸೊಕ್ಕ ಬರತೈತಿ."

"ಬರಲಿ ಬಿಡ್ರಿ ಆಯಿ" ಅಂದೆ. "ಸತ್ತು ಬದುಕಿದಾವಗ ಅಷ್ಟೂ ಸೊಕ್ಕ ಇರಬಾರದೇನ್ರಿ?"

ಖರೆ ಹೇಳಬೇಕೆಂದರೆ, ಕೆಂಪು ಶಾಯಿಯಲ್ಲಿ ಬರೆದ ಆ ದಿನ ಸೊಕ್ಕು ಬಂದದ್ದು ನನಗೆ.