ಒಂದೇ ನೋಟು, ಎರಡು ಮೈ

ಹೋಟೆಲಿನ ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿ ಅಕ್ಕ ಅಂತಲೇ ಕರೆಯುತ್ತಿದ್ದರು. ಜೇಬಿನಲ್ಲಿ ಮರೆತ ನೋಟು ಮಷೀನಿಗೆ ಬಿದ್ದರೆ ಮುದ್ದೆಯಾಗಿ ಹೊರಬರುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಹಾಗಾಗಿ ಹಡಗಿನ ಇಂಜಿನಿಯರೊಬ್ಬನ ಒಗೆದ ಅಂಗಿಯಿಂದ ಪರದೇಶದ ನೋಟೊಂದು ಒಂದು ಸುಕ್ಕೂ ಇಲ್ಲದೆ ಸಿಕ್ಕಾಗ ದಂಗಾದಳು. ಪ್ಲಾಸ್ಟಿಕ್ ನೋಟು. ಮೂಲೆಯಲ್ಲೊಂದು ಗಾಜಿನಂಥ ಕಿಂಡಿ; ಕಣ್ಣಿಗೆ ಹಿಡಿದರೆ ಎದುರಿನ ಗಡಿಯಾರ ಕಾಣುತ್ತಿತ್ತು.

ಹಿಂದಿರುಗಿಸಲು ಹೋದರೆ ಇಂಜಿನಿಯರ್ ನಕ್ಕುಬಿಟ್ಟ. ಅದೇ ನೋಟನ್ನು ಮೊದಲು ಕಾಗದದಲ್ಲಿ ಅಚ್ಚು ಹಾಕುತ್ತಿದ್ದರು ಎನ್ನುತ್ತಾ ಪರ್ಸಿನಿಂದ ಅಂಥದೊಂದನ್ನೂ ತೆಗೆದು, ಎರಡನ್ನೂ ಅವಳಿಗೇ ಕೊಟ್ಟ. ಅದೇ ಕೊಕ್ಕರೆ, ಅದೇ ನೀಲಿ ಹೊಳೆ. ಒಂದು ಹಳೆ ಪಂಚೆಯಷ್ಟು ಮೆದು, ಇನ್ನೊಂದು ಮೀನಿನ ಮೈಯಷ್ಟು ನುಣುಪು.

ಅವತ್ತೇ ಹುಚ್ಚು ಹತ್ತಿತು. ಹೋಟೆಲಿಗೆ ಬಂದವರನ್ನು ಕೇಳಿ, ಹಳೆ ನಾಣ್ಯದ ಅಂಗಡಿಗಳಲ್ಲಿ ತಡಕಾಡಿ, ಎರಡೂ ಬಗೆಯಲ್ಲಿ ಅಚ್ಚಾದ ನೋಟುಗಳನ್ನಷ್ಟೇ ಕೂಡಿಸತೊಡಗಿದಳು. ಒಂಟಿ ನೋಟು ಸಿಕ್ಕರೆ ಅದರ ಜೊತೆ ಸಿಗುವತನಕ ಸಮಾಧಾನವಿಲ್ಲ.

"ಒಳ್ಳೇ ಮದುವೆ ದಲ್ಲಾಳಿ ಆಗ್ಬಿಟ್ಟೆ ನೀನು," ಎಂದು ದರ್ಜಿ ಗಂಡ ಕಿಚಾಯಿಸುತ್ತಿದ್ದ.

ಒಳಗೊಳಗೇ ಅವಳ ಒಲವು ಪ್ಲಾಸ್ಟಿಕ್ ಕಡೆಗೆ. ನೀರಿಗೆ ಹೆದರದ್ದು ಇನ್ಯಾವುದಕ್ಕೆ ಹೆದರೀತು? ಒಂದು ಮಧ್ಯಾಹ್ನ, ಹೊಸದಾಗಿ ಸಿಕ್ಕ ಜೋಡಿಯ ಮಡಿಕೆ ಹೋಗಲೆಂದು ಎರಡರ ಮೇಲೂ ಇಸ್ತ್ರಿ ಎಳೆದಳು. ಕಾಗದ ಗರಿಗರಿಯಾಯಿತು. ಪ್ಲಾಸ್ಟಿಕ್ ನೋಟು ಕಣ್ಣೆದುರೇ ಮುದುಡುತ್ತಾ ಮುದುಡುತ್ತಾ ಬೆರಳುದ್ದಕ್ಕೆ ಬಂತು.

ನೋಟು ಹಾಳಾಯಿತೆಂದು ಇಸ್ತ್ರಿಯನ್ನು ಪಕ್ಕಕ್ಕಿಟ್ಟಳು. ಆದರೆ ಎತ್ತಿ ನೋಡಿದರೆ ಏನೂ ಅಳಿಸಿರಲಿಲ್ಲ. ಅಂಕಿ, ಹಕ್ಕಿ, ಮರ ಎಲ್ಲ ಇದ್ದಲ್ಲೇ ಇದ್ದವು, ಇರುವೆಗಳ ಪೇಟೆಯಲ್ಲಿ ಚಲಾವಣೆಗೆ ಬಿಟ್ಟಂತೆ ಚಿಕ್ಕದಾಗಿ. ದುಃಖಪಡುವುದನ್ನೂ ಮರೆತು, ಬಿಟ್ಟ ಬಾಯಿ ಬಿಟ್ಟಂತೆಯೇ ನಿಂತಳು.

ಸಂಜೆ ಮನೆಯಲ್ಲಿ, ಕಣ್ಣು ಕಾಣದ ಅತ್ತೆಯ ಅಂಗೈಗೆ ಎರಡನ್ನೂ ಇಟ್ಟಳು. ಅತ್ತೆ ದೊಡ್ಡದನ್ನು ಸವರಿದರು, ಚಿಕ್ಕದನ್ನು ಸವರಿದರು, ಮತ್ತೆ ದೊಡ್ಡದಕ್ಕೆ ಬಂದರು.

"ಏನಮ್ಮಾ ಇದು, ನೋಟು ಮರಿ ಹಾಕಿದ್ಯಾ?"

ಮೂವರೂ ನಕ್ಕರು. ಗಂಡ ಹೊಲಿಗೆ ಡಬ್ಬಿಯಿಂದ ಭೂತಗನ್ನಡಿ ತಂದು ಬಗ್ಗಿದ. ಬಗ್ಗಿದವನು ಏಳಲೇ ಇಲ್ಲ.

"ಎಲೆಯ ನರ ಕೂಡ ಇದೆ ಕಣೇ," ಎಂದ ಕೊನೆಗೆ, ಮೆಲ್ಲಗೆ.

ಆ ನೋಟಿನ ಬದಲಿಗೆ ಇನ್ನೊಂದನ್ನು ಅವಳು ಹುಡುಕಲಿಲ್ಲ. ಆಲ್ಬಮ್ಮಿನಲ್ಲಿ ಕಾಗದದ ನೋಟಿನ ಪಕ್ಕದಲ್ಲೇ ಅದನ್ನು ಸೇರಿಸಿದಳು. ಆ ಸಂಜೆ ಭೂತಗನ್ನಡಿಯನ್ನು ಮಾತ್ರ ಗಂಡ ಅವಳ ಕೈಗೆ ಕೊಡಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.